ತಾಮ್ರದ ಮೇಲಿನ ರಕ್ತ

ಸಂಶೋಧಕಿ ಸೀಸದಣ್ಣನನ್ನು ಮೊದಲು ನೋಡಿದಾಗ ಅವನು ತನ್ನ ತಮ್ಮನ ಎದೆಯ ಮೇಲೆ ಮೊಣಕಾಲೂರಿ ಕೂತಿದ್ದ. ಅಣುಸ್ಥಾವರದ ಪಕ್ಕದ ನೆಲಮಾಳಿಗೆ ಅದು. ಕಿಟಕಿಯಿಲ್ಲ, ಒಂದೇ ಟ್ಯೂಬ್‌ಲೈಟು ಮಿಣುಕುತ್ತಿತ್ತು. ತಮ್ಮ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದಿದ್ದ. ಸಿಲಿಕಾನ್ ಸಂವೇದಕದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅವಳು ಬಾಗಿಲಲ್ಲೇ ನಿಂತಳು.

"ಒಂದ್ನಿಮಿಷ ಮೇಡಂ," ಎಂದ ಅವನು, ತಲೆಯೆತ್ತದೆ. "ಇವನು ಬೆರಳು ಬಿಟ್ಟ ತಕ್ಷಣ ನಿಮ್ಮ ಕೆಲಸಕ್ಕೆ ಬರ್ತೀನಿ."

ಸಂವೇದಕದ ಸುತ್ತ ಸೀಸದ ಗೋಡೆ ಕಟ್ಟುವ ಕೆಲಸ ಆ ಅಣ್ಣತಮ್ಮಂದಿರದ್ದು. ಅದಕ್ಕೇ ದೊಡ್ಡವನು ಎಲ್ಲರಿಗೂ ಸೀಸದಣ್ಣ. ಸ್ಥಾವರದಿಂದ ನ್ಯೂಟ್ರಿನೊ ಕಣಗಳು ಹೊಳೆಯಂತೆ ಹರಿಯುತ್ತವೆ. ಸೀಸವೂ ಅವಕ್ಕೆ ಅಡ್ಡಿಯಲ್ಲ. ಎಲ್ಲೋ ಒಂದು ಸಿಲಿಕಾನಿಗೆ ತಾಗಿದರೆ ಬೆರಳೆಣಿಕೆಯಷ್ಟು ಎಲೆಕ್ಟ್ರಾನುಗಳು ಅಲುಗುತ್ತವೆ. ಅದನ್ನು ಎಣಿಸುವುದು ಅವಳ ಕೆಲಸ. ಆದರೆ ಮನುಷ್ಯನ ಬೆವರು, ರಕ್ತಗಳಲ್ಲಿರುವ ಪೊಟ್ಯಾಸಿಯಂ ಕೂಡ ಸಣ್ಣಗೆ ವಿಕಿರಣ ಸೂಸಿ ಲೆಕ್ಕ ಕೆಡಿಸುತ್ತದೆ. ಅದಕ್ಕೇ ಸಂವೇದಕಕ್ಕೆ ಶುದ್ಧ ತಾಮ್ರದ ಗೂಡು, ಹೊರಗಿನ ವಿಕಿರಣ ತಡೆಯಲು ಸುತ್ತ ಸೀಸದ ಇಟ್ಟಿಗೆ, ಮುಟ್ಟುವವರ ಕೈಗೆ ಗವಸು.

ಗೂಡು ಮುಚ್ಚಿದ ದಿನ ಅವಳು ಅಲ್ಲಿರಲಿಲ್ಲ. ಮರುದಿನ ನೋಡಿದರೆ ಸೀಸದಣ್ಣನ ಕಿವಿಯ ಮೇಲೆ ಹೊಲಿಗೆ.

"ಮೆಟ್ಟಿಲಿಂದ ಬಿದ್ದೆ."

"ಮೆಟ್ಟಿಲಿಗೆ ನಿಮ್ಮ ಮೇಲೆ ಅಷ್ಟೇನು ಸಿಟ್ಟಣ್ಣಾ?"

"ನನ್ನ ತಮ್ಮನಿಗಿರೋಷ್ಟಿಲ್ಲ ಬಿಡಿ."

ಸಂವೇದಕ ಎಣಿಸತೊಡಗಿತು. ನಿರೀಕ್ಷೆಗಿಂತ ಹೆಚ್ಚೇ ಮಿಡಿತಗಳು ಬಂದವು. ನ್ಯೂಟ್ರಿನೊ ಸಿಕ್ಕಿತೆಂದು ಅವಳು ಊರಿನಲ್ಲಿದ್ದ ಅಮ್ಮನಿಗೆ ಫೋನು ಮಾಡಿ ಅತ್ತಳು. ತಿಂಗಳುಗಳು ಕಳೆದು ಸ್ಥಾವರವನ್ನು ದುರಸ್ತಿಗೆಂದು ನಿಲ್ಲಿಸಿದರು. ನ್ಯೂಟ್ರಿನೊ ನಿಂತಿತು, ಮಿಡಿತ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಂದರೆ ಇಷ್ಟು ದಿನ ಎಣಿಸಿದ್ದು ಗೂಡಿನೊಳಗಿನ ಬೇರೇನನ್ನೋ.

"ಗೂಡು ಬಿಚ್ಚಿ," ಎಂದಳು.

ಸೀಸದಣ್ಣ ಗೋಡೆಗೆ ಅಡ್ಡ ನಿಂತ. ಆಮೇಲೆ ತಾನೇ ಒಂದೊಂದು ಇಟ್ಟಿಗೆಯಾಗಿ ತೆಗೆದ. ತಾಮ್ರದ ಒಳಮೈಯಲ್ಲಿ ಕಪ್ಪಾಗಿ ಒಣಗಿದ ಕಲೆ. ಹೆಬ್ಬೆರಳಿನಿಂದ ಒರೆಸಿದ ಗುರುತು.

"ಯಾರ ರಕ್ತ ಇದು?"

"ನಂದೇ. ಹೆಂಡ್ತಿ ಮೈಮೇಲೆ ಕೈ ಮಾಡಬೇಡ ಅಂತ ತಮ್ಮನಿಗೆ ಅಂದೆ, ಈ ಇಟ್ಟಿಗೇಲೇ ನನ್ನ ತಲೆಗೆ ಬಾರಿಸಿದ. ಬಾಯಿಬಿಟ್ರೆ ತಮ್ಮ ಜೈಲಿಗೆ ಹೋಗ್ತಾನಲ್ಲ ಅಂತ ಒರೆಸಿ ಮುಚ್ಚಿಬಿಟ್ಟೆ."

"ನನ್ನ ಕೆಲಸ ಮಣ್ಣುಪಾಲಾಯ್ತು. ಅದಿರಲಿ, ಈಗಲಾದ್ರೂ ಅವಳನ್ನ ಹೊಡೆಯೋದು ಬಿಟ್ಟಿದ್ದಾನಾ?"

ಅವನು ಗವಸು ಕಳಚಿದ. "ಹೋದ ವಾರ ಕೈ ತಿರುಚಿ ಮುರಿದ. ಆಸ್ಪತ್ರೇಲಿ ಅವಳೂ ಮೆಟ್ಟಿಲಿಂದ ಬಿದ್ದೆ ಅಂದ್ಳು. ನನ್ನಿಂದಲೇ ಕಲಿತ ಮಾತು ಮೇಡಂ."

ರಕ್ತದ ಕಲೆಯಿದ್ದ ಆ ತಾಮ್ರದ ತಗಡನ್ನು ಸಾಕ್ಷಿಗೆಂದು ಬಟ್ಟೆಯಲ್ಲಿ ಸುತ್ತಿಕೊಂಡು ಅವನು ಪೊಲೀಸ್ ಠಾಣೆಗೆ ಹೊರಟ. ಗೇಟಿನಲ್ಲಿ ತಮ್ಮ ಅವನ ಕೊರಳಪಟ್ಟಿ ಹಿಡಿದು ಬಾಯಿಗೆ ಗುದ್ದಿದ. ಹಲ್ಲೊಂದು ಕಳಚಿ ಬಿತ್ತು. ತಮ್ಮನನ್ನು ಬೀಳಿಸಿ ಅದುಮುವುದು ಸೀಸದಣ್ಣನಿಗೆ ದೊಡ್ಡ ಮಾತಲ್ಲ. ಆವತ್ತು ಅವನು ಕೈಯೆತ್ತಲಿಲ್ಲ. ರಕ್ತ ಉಗುಳಿ ಮುಂದೆ ನಡೆದ. ಸಂಶೋಧಕಿ ಅವನ ಪಕ್ಕದಲ್ಲೇ ಹೋದಳು.

ತಮ್ಮ ಈಗ ಜೈಲಿನಲ್ಲಿದ್ದಾನೆ. ಸೀಸದಣ್ಣ ಅದೇ ನೆಲಮಾಳಿಗೆಯಲ್ಲಿ ಹೊಸ ಗೂಡಿನ ಸುತ್ತ ಸೀಸ ಜೋಡಿಸುತ್ತಾನೆ. ಒಂದೊಂದು ಇಟ್ಟಿಗೆಯನ್ನೂ ಸ್ಪಿರಿಟಿನಿಂದ ಒರೆಸಿ ಅವನ ಕೈಗೆ ಕೊಡುವವಳು ತಮ್ಮನ ಹೆಂಡತಿ.