ಬಟ್ಟಲ ತಳದ ಹಾಲು

ಮಕ್ಕಳೇ, ಈಗ ಆರನೇ ಕ್ಲಾಸಿನಲ್ಲಿರುವ ದೊಡ್ಡವನು ಹುಟ್ಟಿದಾಗಿನ ಒಂದು ಸಂಗತಿಯನ್ನು ನಿಮ್ಮಮ್ಮ ನಿಮಗೆ ಹೇಳಿರಲಾರಳು. ಹೇಳಬೇಕಾದವಳು ನಾನು. ಎದುರಿಗೆ ಕೂತು ಹೇಳಲು ಬಾಯಿ ಬರದೆ ಬರೆಯುತ್ತಿದ್ದೇನೆ.

ಅವನು ಎಂಟು ತಿಂಗಳಿಗೇ ಹುಟ್ಟಿದ. ಆಪರೇಷನ್ ಆದ ಕೂಡಲೇ ಮಗುವನ್ನು ಮೇಲಿನ ಮಹಡಿಯ ಗಾಜಿನ ಕೋಣೆಗೆ ಒಯ್ದರು. ನನ್ನ ಮಗಳು, ಅಂದರೆ ನಿಮ್ಮಮ್ಮ, ಕೆಳಗಿನ ವಾರ್ಡಿನಲ್ಲಿ ಮಲಗಿದ್ದಳು. ಮಗುವಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಮೇಲೆ ಯಾವ ಬಾಗಿಲ ಸದ್ದಾದರೂ ಬೆಚ್ಚುತ್ತಿದ್ದಳು.

ಮರುದಿನ ಬೆಳಿಗ್ಗೆ ನರ್ಸಮ್ಮ ಒಂದು ಸ್ಟೀಲ್ ಬಟ್ಟಲು ಕೊಟ್ಟು, ಹಾಲು ಹಿಂಡಿ ಕಳಿಸಿ, ಒಳಲೆಯಲ್ಲಿ ಹನಿಹನಿಯಾಗಿ ಬಾಯಿಗೆ ಬಿಟ್ಟು ಕುಡಿಸುತ್ತೇವೆ ಎಂದರು. ಮಗಳು ಅರ್ಧ ಗಂಟೆ ಹಲ್ಲು ಕಚ್ಚಿ ಹಿಂಡಿದಳು. ಬಟ್ಟಲ ತಳ ಮುಚ್ಚುವಷ್ಟೂ ಬರಲಿಲ್ಲ.

"ಹುಷಾರು ಕಣಮ್ಮ, ತುಳುಕಿಸ್ಬಿಟ್ಟೀಯ," ಎಂದು ಬಟ್ಟಲನ್ನು ನನ್ನ ಕೈಗಿಟ್ಟಳು.

"ತುಳುಕೋಕೆ ಏನೈತೆ ಇದ್ರಲ್ಲಿ?" ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ.

ಮೆಟ್ಟಿಲ ಬಳಿ ನೋಡಿದರೆ ಹಾಲು ಹಳದಿಯಾಗಿ, ಅಂಟಂಟಾಗಿತ್ತು. ನಾನು ಹೆತ್ತಾಗ ನಮ್ಮತ್ತೆ ಇಂಥ ಹಾಲನ್ನು ಮೂರು ದಿನ ಹಿಂಡಿಸಿ ಬಚ್ಚಲಿಗೆ ಚೆಲ್ಲಿಸಿದ್ದರು, ಕೂಸಿಗೆ ಆಗದು ಎಂದು. ದಿನ ತುಂಬದ ಮಗು, ಕುಡಿದು ಏನಾದರೂ ಆದರೆ? ಗಾಜಿನ ಬಾಗಿಲ ತನಕ ಹೋದೆ. ಕೇಳಬಹುದಿತ್ತು. ನಿಮ್ಮ ತಾತ ಇದ್ದಾಗ ಆಸ್ಪತ್ರೆಯ ಮಾತೆಲ್ಲ ಅವರದೇ, ನನಗೆ ರೂಢಿಯಿರಲಿಲ್ಲ. ಒಳಗೆ ನರ್ಸಮ್ಮ ಫೋನಿನಲ್ಲಿದ್ದರು. ಕೇಳಲು ನಾಚಿಕೆಯಾಯಿತು. ಬೇಸಿನ್ನಿಗೆ ಚೆಲ್ಲಿ, ಬಟ್ಟಲು ತೊಳೆದು ತಂದೆ.

"ಕೊಟ್ಟಾ?" ಎಂದಳು ಮಗಳು.

"ಕೊಟ್ಟೆ."

ಊಟದ ಹೊತ್ತಿಗೆ ನರ್ಸಮ್ಮ ಬಂದರು. "ಏನಮ್ಮಾ, ಹಾಲೇ ಕಳ್ಸಿಲ್ವಲ್ಲ? ಮೊದಲ್ನೇ ಹಳದಿ ಹಾಲೇ ಅವನಿಗೆ ಔಷಧಿ," ಎಂದು ಅವಸರದಲ್ಲಿ ಹೊರಟುಹೋದರು.

"ಕಳ್ಸಿದ್ನಲ್ಲಮ್ಮ!" ಮಗಳು ನನ್ನ ಕೈ ಹಿಡಿದುಕೊಂಡಳು. "ಅವ್ನಿಗೇನೋ ಆಗೈತೆ. ನನ್ ಹತ್ರ ಮುಚ್ಚಿಡ್ತಾವ್ರೆ."

ನನ್ನ ಒಂದು ಮಾತಿಗೆ ಆ ಭಯ ನಿಲ್ಲುತ್ತಿತ್ತು. ನಾನು ಹೊದಿಕೆ ಸರಿಮಾಡುತ್ತಾ ಕೂತೆ. ಮತ್ತೆ ಹಿಂಡಲು ಹೋದರೆ ಅವಳಿಗೆ ಒಂದು ಹನಿಯೂ ಬರಲಿಲ್ಲ. ಸೂಲಿಬೆಲೆಯ ನಮ್ಮ ಕೊಟ್ಟಿಗೆಯಲ್ಲಿ ಹಸು ಈದರೆ ಇದೇ ಬಣ್ಣದ ಗಿಣ್ಣು. ಅದನ್ನು ಒಂದು ತೊಟ್ಟೂ ಚೆಲ್ಲದೆ, ಬೆಲ್ಲ ಹಾಕಿ ಬೇಯಿಸಿ, ನೆರೆಮನೆಗಳಿಗೆಲ್ಲ ಹಂಚಿದವಳು ನಾನು. ಆಗ ಅದು ನೆನಪಿಗೆ ಬಂತು.

ಕಾಫಿ ಬರುವ ಹೊತ್ತಿಗೆ ಬಾಯಿಬಿಟ್ಟೆ. "ಮಗೀಗೆ ಏನೂ ಆಗಿಲ್ಲ ಕಣವ್ವ. ಚೆಲ್ದೋಳು ನಾನು."

ಅವಳು ಎದ್ದು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

"ಬಟ್ಟಲು ಕೊಡು," ಎಂದಳು.

ಈ ಸಲ ನಾಲ್ಕೈದು ಹನಿ ಬಂತು. ನಾನು ಕೈ ಚಾಚಿದೆ.

"ಬೇಡಮ್ಮ. ನಾನೇ ಹೋಗ್ತೀನಿ."

ಒಂದು ಕೈ ಹೊಲಿಗೆಯ ಮೇಲೆ, ಇನ್ನೊಂದರಲ್ಲಿ ಬಟ್ಟಲು. ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡಳು. ನಾನು ಎರಡು ಮೆಟ್ಟಿಲು ಹಿಂದೆ, ಬರಿಗೈಯಲ್ಲಿ ಹತ್ತಿದೆ.