ಸಂಜೆ ಬಸ್ಸಿನ ಕಾಯಿಲೆಗಳು

ನಾನು ಅಜ್ಜಿಯಾದೆ! ನನ್ನ ಮಗಳು ರತ್ನ ನಿನ್ನೆ ಸಂಜೆ ಹೆಣ್ಣುಮಗು ಹೆತ್ತಳು. ಕಣ್ಣು ಬಿಡುವ ಮೊದಲೇ ಮುಷ್ಟಿ ಬಿಗಿದಿತ್ತು ಕೂಸು. ಯಾರ ಮೇಲಿನ ಸಿಟ್ಟೆಂದು ನನಗೆ ಗೊತ್ತು. ಹುಟ್ಟಿದ್ದು ಹೆರಿಗೆ ವಾರ್ಡಿನಲ್ಲಲ್ಲ, ಆಸ್ಪತ್ರೆಯ ಎಮರ್ಜೆನ್ಸಿ ಕೋಣೆಯಲ್ಲಿ, ಗಾಯಕ್ಕೆ ಪಟ್ಟಿ ಕಟ್ಟುವ ಮಂಚದ ಮೇಲೆ.

ಆ ಬಾಗಿಲ ಮೇಲೆ ಕೆಂಪಕ್ಷರದಲ್ಲಿ 'ತುರ್ತು ಚಿಕಿತ್ಸೆ' ಎಂದಿದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಕೂಡಿಸಿ ಓದುವಷ್ಟರಲ್ಲಿ ತುರ್ತೇ ಮುಗಿದಿರುತ್ತದೆ. ಆದರೆ ಅಲ್ಲಿಗೆ ಯಾರು ಯಾವಾಗ ಬರುತ್ತಾರೆಂದು ತಿಳಿಯಲು ಅಕ್ಷರ ಬೇಕಿಲ್ಲ. ಮಗಳಿಗಾಗಿ ದಿನವೂ ಎದುರಿನ ಬಸ್ ಸ್ಟಾಪಿನಲ್ಲಿ ಕಾಯುತ್ತಾ ನೋಡಿದ್ದೇನೆ. ಮಧ್ಯಾಹ್ನವೆಲ್ಲ ಕೋಣೆ ಖಾಲಿ ಹೊಡೆಯುತ್ತಿರುತ್ತದೆ. ಅವಳು ದುಡಿಯುವ ಬಟ್ಟೆ ಫ್ಯಾಕ್ಟರಿಯ ಸಂಜೆ ಬಸ್ಸು ನಿಂತಿತೋ, ಕೆಮ್ಮು, ಜ್ವರ, ಬೆರಳಿಗೆ ಹೊಕ್ಕ ಸೂಜಿ, ಎಲ್ಲ ಒಟ್ಟಿಗೆ ಇಳಿಯುತ್ತವೆ. ಹಿಪ್ಪುನೇರಳೆ ತೋಟವಿದ್ದಾಗ ನಮ್ಮ ಜ್ವರಗಳಿಗೆ ಹೊತ್ತುಗೊತ್ತಿರಲಿಲ್ಲ. ತೋಟದ ಜಾಗದಲ್ಲಿ ಫ್ಯಾಕ್ಟರಿ ಎದ್ದ ಮೇಲೆ ಅವೂ ಶಿಫ್ಟ್ ಕಲಿತಿವೆ. ಬೆಳಿಗ್ಗೆ ಡಾಕ್ಟರಿಗೆ ತೋರಿಸಿದರೆ ಆ ದಿನದ ಕೂಲಿಯಿಲ್ಲ. ಸಂಜೆ ತೋರಿಸಿದರೆ ಬೈಗುಳ. ಬೈಗುಳವಾದರೂ ಬಿಟ್ಟಿ.

ನಿನ್ನೆ ರತ್ನಳಿಗೆ ಹೊಲಿಗೆ ಮಿಷನ್ನಿನ ಮುಂದೆಯೇ ನೋವು ಶುರುವಾಯಿತಂತೆ. ದಿನ ತುಂಬಿರಲಿಲ್ಲ. "ಶಿಫ್ಟ್ ಮುಗೀಲಿ" ಎಂದನಂತೆ ಸೂಪರ್‌ವೈಸರ್. ಬಸ್ಸಿಳಿದವಳು ನನ್ನ ಕೈ ಹಿಡಿದು ಎಮರ್ಜೆನ್ಸಿಗೆ ಬಂದು, ಎಲ್ಲರಂತೆ ಸಾಲಿನ ಕೊನೆಗೆ ನಿಂತಳು!

"ಇದೆಲ್ಲ ಎಮರ್ಜೆನ್ಸೀನಾ? ಬೆಳಿಗ್ಗೆ ಯಾಕೆ ಬರಲ್ಲ ನೀವು?" ಡಾಕ್ಟರು ತಲೆಯೆತ್ತದೆ ಸಾಲಿಗೆಲ್ಲ ಬೈಯುತ್ತಿದ್ದರು. ಮಗಳು ಗೋಡೆ ಹಿಡಿದು ತುಟಿ ಕಚ್ಚಿದಳು.

"ಬಾಯ್ಬುಟ್ಟು ಏಳ್ಬಾರ್ದೇನೇ?" ಎಂದೆ.

"ನನ್ ಸರದಿ ಬರ್ಲಿ ತಡಿಯವ್ವ."

ಮುಂದೆ ಜ್ವರದಲ್ಲಿ ನಡುಗುತ್ತಿದ್ದ ಜಬೀನ ತಿರುಗಿದಳು. ರತ್ನಳ ಪಕ್ಕದ ಮಿಷನ್ನಿನವಳು ಅವಳು. "ಒಟ್ಟೇಲಿರೋ ಮಗೀಗೆ ಸರದಿ ಗೊತ್ತಾಯ್ತದೇನೇ? ನಡಿಯೇ ಮುಂದಕ್ಕೆ!" ಎಂದು ಮಗಳನ್ನು ದಬ್ಬಿಕೊಂಡೇ ಹೋದಳು. ಸಾಲು ದಾರಿ ಬಿಟ್ಟಿತು. ಆಗ ಡಾಕ್ಟರು ತಲೆಯೆತ್ತಿದರು.

"ಇನ್ನೊಸಿ ತಡವಾಗಿದ್ರೆ..." ಹೆರಿಗೆಯಾದ ಮೇಲೆ ನರ್ಸಮ್ಮ ಅರ್ಧಕ್ಕೆ ನಿಲ್ಲಿಸಿದ ಆ ಮಾತು ನನ್ನೆದೆಯಲ್ಲಿ ಇನ್ನೂ ಕುಟ್ಟುತ್ತಿದೆ.

ಇವತ್ತು ಸಂಜೆ ಅಳಿಯ, ಬೀಗರು, ನನ್ನ ಯಜಮಾನರು, ನಾನು ಎಲ್ಲರೂ ರತ್ನ ಮಲಗಿದ್ದ ವಾರ್ಡಿನ ಕಿಟಕಿಯಡಿ ಜಗಲಿಯ ಮೇಲೆ ಕೂತು ಮುದ್ದೆ, ಬಸ್ಸಾರು ಬಡಿಸಿಕೊಂಡೆವು. ಒಳಗೆ ಬಾಣಂತಿ ಮೆಣಸಿನ ಸಾರು ಕಲೆಸಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ಜಬೀನ ಇಳಿದಳು, ಅದೇ ಜ್ವರ ಹೊತ್ತು. ನಿನ್ನೆ ಗಲಾಟೆಯಲ್ಲಿ ಅವಳು ತೋರಿಸಿಕೊಳ್ಳದೆಯೇ ಹೋಗಿದ್ದಳು. ಬೆಳಿಗ್ಗೆ ಕೆಲಸಕ್ಕೂ ಹೋಗಿದ್ದಳು. ಕಿಟಕಿಯಲ್ಲಿ ಕೂಸು ನೋಡಿ ನಕ್ಕು, ಸಾಲಿನ ಕಡೆ ಹೊರಟವಳ ಸೆರಗು ಹಿಡಿದೆಳೆದು ನನ್ನ ಪಕ್ಕ ಕೂರಿಸಿ, ತಟ್ಟೆಗೆ ಮುದ್ದೆ ಹಾಕಿದೆ.

"ಮೊದ್ಲು ಉಣ್ಣು ನನ್ನವ್ವ. ಬೈಸ್ಕೊಳಾಕೂ ಒಟ್ಟೇಲಿ ಏನಾರ ಇರ್ಬೇಕು."