ಬಿಳಿಕೆರೆಯಲ್ಲಿ ಇಳಿದದ್ದು

ಮೊನ್ನೆ ಮಗಳ ಜೊತೆ ಕೂತು ಒಂದು ಹಳೆಯ ಇಂಗ್ಲಿಷ್ ಸಿನಿಮಾ ನೋಡಿದೆ. ಮುಖವನ್ನೇ ನೋಡದೆ ಇ-ಮೇಲ್‌ನಲ್ಲಿ ಪ್ರೀತಿಸಿದ ಇಬ್ಬರ ಕತೆ. "ಒಂದು ಫೋಟೋ ಕಳಿಸಿದ್ರೆ ಮುಗೀತಿತ್ತಲ್ಲಮ್ಮಾ, ಎರಡು ಗಂಟೆ ಯಾಕೆ ಒದ್ದಾಡ್ತಾರೆ?" ಎಂದಳು. ಅಯ್ಯೋ, ಇವಳಿಗೇನು ಗೊತ್ತು! ನನ್ನ ಕಾಲದಲ್ಲಿ ಫೋಟೋ ಬೇಕೆಂದರೆ ತಲೆ ಬಾಚಿಕೊಂಡು ಸ್ಟುಡಿಯೋಗೆ ಹೋಗಬೇಕಿತ್ತು.

ನಾನು ಹನಗೋಡಿನ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ. ಓದುತ್ತಿದ್ದದ್ದು ಹುಣಸೂರಿನ ಕಾಲೇಜಿನಲ್ಲಿ. ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಪಕ್ಕದ ಬ್ರೌಸಿಂಗ್ ಸೆಂಟರಿನ ಹೊರಗೆ ಚಪ್ಪಲಿ ಬಿಟ್ಟು, ಅಕ್ಷರ ಅಳಿಸಿಹೋದ ಕೀಬೋರ್ಡಿನ ಮುಂದೆ ಕೂತರೆ ಮಾತ್ರ ಮೈಸೂರಿನ ಡಾಕ್ಟರ ಮಗಳು! ಚಾಟಿನಲ್ಲಿ ಸಿಕ್ಕವನು ಬೆಂಗಳೂರಿನವನಂತೆ. ಹರಕುಮುರುಕು ಇಂಗ್ಲಿಷಿನಲ್ಲೇ ಎಂಟು ತಿಂಗಳು ಹರಟಿದೆವು. ಒಂದು ಶನಿವಾರ ಅವನು ಬಾರದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಪ್ರೀತಿಯೇ ಅದು, ಇನ್ನೇನು?

ಒಮ್ಮೆ ಅವನು ಪರೀಕ್ಷೆಯಲ್ಲಿ ಫೇಲಾದ. ಸಮಾಧಾನ ಹೇಳಿದೆ. ಅವನು ಇಂಗ್ಲಿಷ್ ಅಕ್ಷರಗಳಲ್ಲಿ "ಓಗ್ಲಿ ಬುಡು" ಎಂದು ಬರೆದ. ಕಿಸಕ್ಕನೆ ನಕ್ಕೆ. ಬೆಂಗಳೂರಿನವನು "ಬುಡು" ಎನ್ನುತ್ತಾನೆಯೇ? ಜಗ್ಗಿಸಿ ಕೇಳಿದ್ದಕ್ಕೆ ಒಪ್ಪಿಕೊಂಡ. ಊರು ಪಿರಿಯಾಪಟ್ಟಣದ ಕಡೆಯ ರಾವಂದೂರು, ಬೇಸಾಯದ ಮನೆ. ಸುಳ್ಳು ಹೇಳಿದ್ದಕ್ಕೆ ಭಾನುವಾರ ಮೈಸೂರಿಗೇ ಬಂದು ಕ್ಷಮೆ ಕೇಳುತ್ತೇನೆ, ಹಳದಿ ಶರ್ಟು ಹಾಕಿರುತ್ತೇನೆ ಎಂದ. ಆಗಲೇ ನಾನೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಡಾಕ್ಟರ ಮಗಳಾಗಿ ಅವನನ್ನು ಕ್ಷಮಿಸುವ ಗತ್ತು ನನಗೆ ರುಚಿಸಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

ಭಾನುವಾರ ಹುಣಸೂರಿನಲ್ಲಿ ಮೈಸೂರು ಬಸ್ ಹತ್ತಿದೆ. ಪಿರಿಯಾಪಟ್ಟಣದಿಂದ ಬಂದ ಬಸ್ಸು, ಕಾಲಿಡಲು ಜಾಗವಿಲ್ಲ. ಹಳದಿ ಶರ್ಟಿನವನೊಬ್ಬ ಎದ್ದು, "ಕೂತ್ಕಳಿ ಅಕ್ಕ" ಎಂದ.

ಅಕ್ಕ ಅಂತೆ! ನಗು ಬರಬೇಕಿತ್ತು, ಎದೆ ಧಸಕ್ಕೆಂದಿತು. ಅವನು ಪಕ್ಕದಲ್ಲೇ ನಿಂತು, ಕಿಟಕಿ ಗಾಜು ನೋಡಿಕೊಂಡು ಎರಡೆರಡು ಸಲ ಕ್ರಾಪು ತೀಡಿಕೊಂಡ, ನನಗಾಗಿ. ಇವನನ್ನು ಕಳೆದುಕೊಂಡರೆ ಗತಿಯೇನು ಎನ್ನಿಸಿತು. ಬಿಳಿಕೆರೆ ಇನ್ನೇನು ಬಂತು ಎನ್ನುವಾಗ ತಡೆಯಲಾರದೆ, "ನೀವು ನೋಡಕ್ಕೆ ಹೋಗ್ತಿರೋ ಡಾಕ್ಟರ ಮಗಳು ನಾನೇ ಕಣ್ರೀ. ಹನಗೋಡಿನವಳು" ಎಂದೆ.

ಅವನ ಮುಖ ಒಮ್ಮೆ ಅರಳಿ ಇಳಿದುಹೋಯಿತು. "ನಾನು ನಿಜ ಹೇಳ್ದಾಗ್ಲೂ ನೀವು ಹೇಳ್ನಿಲ್ವಲ್ಲ" ಎಂದ. "ಬುಡು" ಎಂದು ಸಲಿಗೆಯಿಂದ ಬರೆದವನ ಬಾಯಲ್ಲಿ ಆ "ನೀವು" ಕೇಳಿ ಕರುಳು ಚುರ್ ಎಂದಿತು. ಬಿಳಿಕೆರೆ ಬಂತು. ಇಳಿದುಬಿಟ್ಟ.

ಕಂಡಕ್ಟರ್ "ರೈಟ್" ಎಂದ. "ಓಲ್ಡಾನ್!" ಎಂದು ನಾನೇ ಕೂಗಿದೆ. "ನೀವು ತಕ್ಕಂಡಿರೋದು ಮೈಸೂರು ಟಿಕೆಟು ಕಣಮ್ಮ!" ಎಂದು ಕಂಡಕ್ಟರ್ ಗದರಿದರೂ ಇಳಿದೆ.

ಅವನು ರಸ್ತೆಯ ಆಚೆ ಬದಿಯಲ್ಲಿ, ವಾಪಸ್ ಹೋಗುವ ಬಸ್ಸಿಗೆ ನಿಂತಿದ್ದ. ಹೋಗಿ ಪಕ್ಕದಲ್ಲಿ ನಿಂತೆ. "ತಪ್ಪಾಯ್ತು" ಎಂದೆ. ಅವನು ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದ.

ಪಿರಿಯಾಪಟ್ಟಣದ ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ.